ಒಬ್ಬರೇ ವಾಹನ ನಡೆಸುವಾಗ ಎರಗುವ ಗಾಬರಿ

ಮುಂಬಯಿ–ಪುಣೆ ದ್ರುತಗತಿ ಮಾರ್ಗವು 2002ರಲ್ಲಿ ಪೂರ್ಣವಾಗಿ ಸಂಚಾರಕ್ಕೆ ತೆರೆದಂದಿನಿಂದ ಆ ಎರಡು ನಗರಗಳ ನಡುವಣ ಪ್ರಯಾಣದ ಸ್ವರೂಪವೇ ಬದಲಾಯಿತು. ಸುಮಾರು 94 ಕಿಲೋಮೀಟರುಗಳ ಈ ರಸ್ತೆ ಸಹ್ಯಾದ್ರಿಯ ಒಡಲನ್ನು ಸುರಂಗಗಳಲ್ಲಿ ಹಾದು ಖಂಡಾಲಾ ಘಟ್ಟವನ್ನು ಏರುತ್ತದೆ. 2009ರಲ್ಲಿ ಮುಂಬಯಿಗೆ ಬಾಂದ್ರಾ–ವರ್ಲಿ ಸಮುದ್ರ ಸೇತುವೆಯೂ, ಅದೇ ವರ್ಷ ಹೈದರಾಬಾದಿಗೆ 11 ಕಿಲೋಮೀಟರಿಗೂ ಹೆಚ್ಚು ಉದ್ದದ ಪಿ.ವಿ. ನರಸಿಂಹರಾವ್ ಮೇಲ್ಸೇತುವೆಯೂ ಬಂದವು. 2024ರ ಜನವರಿಯಲ್ಲಿ ಉದ್ಘಾಟನೆಗೊಂಡ ಅಟಲ್ ಸೇತು ಮುಂಬಯಿಯ ಶಿವಡಿಯಿಂದ ನ್ಹಾವಾ ಶೇವಾದವರೆಗೆ ಸುಮಾರು 22 ಕಿಲೋಮೀಟರು ಚಾಚಿಕೊಂಡಿದೆ. ಈ ರಸ್ತೆಗಳಿಗೆಲ್ಲ ಒಂದು ಸಮಾನ ಗುಣವಿದೆ. ಒಮ್ಮೆ ಒಳಹೊಕ್ಕ ವಾಹನ ನಡುದಾರಿಯಲ್ಲಿ ಎಲ್ಲೆಂದರಲ್ಲಿ ನಿಲ್ಲುವಂತಿಲ್ಲ, ಹಿಂದಿರುಗುವಂತಿಲ್ಲ. ಬಹುಮಂದಿಗೆ ಇದು ಅನುಕೂಲ. ಕೆಲವರಿಗೆ ಮಾತ್ರ, ವಿಶೇಷವಾಗಿ ವಾಹನದಲ್ಲಿ ಬೇರಾರೂ ಇಲ್ಲದಿದ್ದಾಗ, ಇದೇ ಗುಣ ಭಯಂಕರವಾಗಿ ತೋರುತ್ತದೆ.

ಹಲವು ವರ್ಷಗಳಿಂದ ನಿರಾತಂಕವಾಗಿ ವಾಹನ ನಡೆಸಿಕೊಂಡು ಬಂದ ವ್ಯಕ್ತಿಗೆ ಒಂದು ದಿನ, ಯಾವ ಮುನ್ಸೂಚನೆಯೂ ಇಲ್ಲದೆ, ಎದೆ ಡವಗುಟ್ಟತೊಡಗುತ್ತದೆ. ಅಂಗೈ ಬೆವರುತ್ತದೆ. ಉಸಿರು ಸಾಲದೆಂಬ ಭಾವನೆ, ಗಂಟಲು ಕಟ್ಟಿದ ಅನುಭವ, ಬೆರಳ ತುದಿಗಳಲ್ಲಿಯೂ ತುಟಿಯ ಸುತ್ತಲೂ ಜೋಮು, ತಲೆ ಹಗುರಾದಂತಾಗುವುದು ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಮುಂದಿನ ರಸ್ತೆ ಗಾಜಿನ ಆಚೆ ನಡೆಯುತ್ತಿರುವ ಚಲನಚಿತ್ರದಂತೆ ಅವಾಸ್ತವವಾಗಿ ಕಾಣುತ್ತದೆ. 'ಜೀವ ಹೋಗುತ್ತಿದೆ', 'ಪ್ರಜ್ಞೆ ತಪ್ಪುತ್ತದೆ', 'ವಾಹನ ಹಿಡಿತ ತಪ್ಪಿ ಯಾರಿಗಾದರೂ ಗುದ್ದುತ್ತದೆ' ಎಂಬ ಆಲೋಚನೆಗಳು ಮುತ್ತಿಕೊಳ್ಳುತ್ತವೆ. ಕೆಲವು ನಿಮಿಷಗಳಲ್ಲಿ ಈ ಅವಸ್ಥೆ ತನ್ನ ಶಿಖರವನ್ನು ಮುಟ್ಟಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿದುಹೋಗುತ್ತದೆ. ವೈದ್ಯರು ಇದನ್ನು ಪ್ಯಾನಿಕ್ ಅಟ್ಯಾಕ್ ಎನ್ನುತ್ತಾರೆ. ಕನ್ನಡದಲ್ಲಿ ತೀವ್ರ ಗಾಬರಿ ಎನ್ನಬಹುದು. ಕೇಳುಗರಲ್ಲಿ ಕೆಲವರಿಗಾದರೂ ಈ ಅನುಭವ ಪರಿಚಿತವಾಗಿದ್ದೀತು. ಅವರಲ್ಲಿ ಅದನ್ನು ಇನ್ನೊಬ್ಬರಿಗೆ ಹೇಳಿಕೊಂಡವರು ವಿರಳ.

ಈ ವ್ಯಾಧಿ ಹೊಸದಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ಸೈನಿಕರಿಗೆ ಚಿಕಿತ್ಸೆ ನೀಡಿದ್ದ ಜೇಕಬ್ ಡ ಕೋಸ್ಟ ಎಂಬ ವೈದ್ಯನು, ಹೃದಯದಲ್ಲಿ ಯಾವ ದೋಷವೂ ಕಾಣದಿದ್ದರೂ ಎದೆಬಡಿತ, ಎದೆನೋವು, ಏದುಸಿರುಗಳಿಂದ ಬಳಲುತ್ತಿದ್ದವರ ವಿವರಗಳನ್ನು 1871ರಲ್ಲಿ ಪ್ರಕಟಿಸಿದನು. ಅದೇ ವರ್ಷ ಬರ್ಲಿನ್ನಿನ ಕಾರ್ಲ್ ವೆಸ್ಟ್‌ಫಾಲ್ ಎಂಬ ಮನೋವೈದ್ಯನು, ನಗರದ ವಿಶಾಲ ಚೌಕಗಳನ್ನೂ ನಿರ್ಜನ ಬೀದಿಗಳನ್ನೂ ಒಬ್ಬರೇ ದಾಟಲಾರದ ರೋಗಿಗಳನ್ನು ಕುರಿತು ಬರೆದು, ಆ ಸ್ಥಿತಿಗೆ ಅಗೊರಫೋಬಿಯ ಎಂದು ಹೆಸರಿಟ್ಟನು. ಜೊತೆಗೊಬ್ಬರಿದ್ದರೆ, ಕೈಯಲ್ಲೊಂದು ಊರುಗೋಲಿದ್ದರೆ, ಅಥವಾ ಬಳಿಯಲ್ಲಿ ಒಂದು ಗಾಡಿ ಇದ್ದರೆ ಆ ರೋಗಿಗಳಿಗೆ ಸಮಾಧಾನವಾಗುತ್ತಿತ್ತು ಎಂಬುದನ್ನು ಆತ ಗಮನಿಸಿದ್ದನು. ಅಂದು ಆಸರೆಯೆನಿಸಿದ್ದ ಗಾಡಿಯೇ ಇಂದು ಹಲವರಿಗೆ ಭಯದ ತಾಣವಾಗಿರುವುದು ಒಂದು ಸೋಜಿಗ. ಆದರೆ ತಿರುಳು ಬದಲಾಗಿಲ್ಲ. 'ಏನಾದರೂ ಆದರೆ ಪಾರಾಗಲು ದಾರಿಯಿಲ್ಲ, ನೆರವಿಗೆ ಯಾರೂ ಇಲ್ಲ' ಎಂಬ ಎಣಿಕೆಯೇ ಅಂದಿಗೂ ಇಂದಿಗೂ ಇದರ ಮೂಲ. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗವರ್ಗೀಕರಣ ಗ್ರಂಥದ ಮೂರನೆಯ ಆವೃತ್ತಿಯಲ್ಲಿ ತೀವ್ರ ಗಾಬರಿಗೆ ಪ್ರತ್ಯೇಕ ಸ್ಥಾನ ದೊರೆಯಿತು.

ಶರೀರದಲ್ಲಿ ಆಗ ನಡೆಯುವುದೇನೆಂಬುದನ್ನು ತಿಳಿದರೆ ಅರ್ಧ ಭಯ ಕಳೆಯುತ್ತದೆ. ಆದಕಾರಣ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ನೋಡಬೇಕಾಗುತ್ತದೆ. ಅಪಾಯ ಎದುರಾದಾಗ ಹೋರಾಡಲು ಇಲ್ಲವೇ ಓಡಲು ದೇಹವನ್ನು ಸಿದ್ಧಗೊಳಿಸುವ ವ್ಯವಸ್ಥೆಯೊಂದು ಎಲ್ಲ ಮನುಷ್ಯರಲ್ಲಿಯೂ ಇದೆ. ಅನುವೇದನಾ ನರಮಂಡಲ ಜಾಗೃತವಾಗಿ, ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳು ಅಡ್ರಿನಲಿನ್ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ವೇಗವಾಗಿ ಬಡಿದು ತೊಡೆ, ತೋಳುಗಳ ಸ್ನಾಯುಗಳಿಗೆ ಹೆಚ್ಚು ರಕ್ತ ಒದಗಿಸುತ್ತದೆ. ಬೆವರು ದೇಹವನ್ನು ತಂಪಾಗಿಸುತ್ತದೆ. ಉಸಿರಾಟ ಬಿರುಸಾಗುತ್ತದೆ. ಹುಲಿ ಎದುರಾದವನಿಗೆ ಇವೆಲ್ಲ ಉಪಯುಕ್ತ. ಆತ ಓಡುತ್ತಾನೆ, ಉಸಿರಾಟ ಆ ಶ್ರಮಕ್ಕೆ ಸರಿಹೋಗುತ್ತದೆ. ಆದರೆ ವಾಹನದ ಆಸನದಲ್ಲಿ ಕುಳಿತವರು ಓಡುವುದಿಲ್ಲ. ದೇಹ ಶ್ರಮಿಸದೆಯೇ ಬಿರುಸಾಗಿ ಉಸಿರಾಡಿದಾಗ ಇಂಗಾಲದ ಡೈಆಕ್ಸೈಡ್ ಅಗತ್ಯಕ್ಕಿಂತ ಹೆಚ್ಚಾಗಿ ಹೊರಹೋಗುತ್ತದೆ. ರಕ್ತದ ಕ್ಷಾರಗುಣ ಹೆಚ್ಚಿ, ಮಿದುಳಿನ ರಕ್ತನಾಳಗಳು ಕೊಂಚ ಸಂಕುಚಿಸುತ್ತವೆ. ತಲೆ ಹಗುರಾಗುವುದು, ಸುತ್ತಲಿನ ಲೋಕ ಅವಾಸ್ತವವೆನಿಸುವುದು ಬಹುಮಟ್ಟಿಗೆ ಇದರಿಂದಲೇ. ರಕ್ತದಲ್ಲಿ ಮುಕ್ತವಾಗಿರುವ ಕ್ಯಾಲ್ಸಿಯಮ್‌ನ ಪ್ರಮಾಣ ಇಳಿಯುವುದರಿಂದ ಬೆರಳುಗಳಲ್ಲಿ ಜೋಮು ಹಿಡಿಯುತ್ತದೆ. ಉಸಿರು ಸಾಲದೆಂದು ಭಾವಿಸಿ ಇನ್ನಷ್ಟು ಆಳವಾಗಿ ಉಸಿರೆಳೆದುಕೊಂಡರೆ ಈ ಲಕ್ಷಣಗಳೆಲ್ಲ ಮತ್ತಷ್ಟು ಹೆಚ್ಚುತ್ತವೆ. 'ದೀರ್ಘವಾಗಿ ಉಸಿರೆಳೆದುಕೋ' ಎಂಬ ಮನೆಮಂದಿಯ ಸಲಹೆ ಈ ಕಾರಣದಿಂದಲೇ ಎಷ್ಟೋ ವೇಳೆ ತಿರುಗುಬಾಣವಾಗುತ್ತದೆ.

ಚಾಲಕರನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಮೂರ್ಛೆಯ ಭಯ. ಸಾಮಾನ್ಯ ಮೂರ್ಛೆ ಸಂಭವಿಸುವುದು ರಕ್ತದ ಒತ್ತಡ ತಟ್ಟನೆ ಕುಸಿದಾಗ. ತೀವ್ರ ಗಾಬರಿಯಲ್ಲಿ ಹೃದಯದ ಬಡಿತವೂ ರಕ್ತದ ಒತ್ತಡವೂ ಏರಿರುತ್ತವೆ. ಆದುದರಿಂದ ತಲೆ ಎಷ್ಟೇ ತಿರುಗಿದಂತೆನಿಸಿದರೂ ಗಾಬರಿಯಿಂದಲೇ ಪ್ರಜ್ಞೆ ತಪ್ಪುವುದು ಅಪರೂಪ. ಬುದ್ಧಿಭ್ರಮಣೆಯಾದೀತು ಎಂಬ ಅಂಜಿಕೆಗೂ ಆಧಾರವಿಲ್ಲ. ಆಕ್ಸ್‌ಫರ್ಡಿನ ಮನೋವಿಜ್ಞಾನಿ ಡೇವಿಡ್ ಕ್ಲಾರ್ಕ್ ಅವರು 1986ರಲ್ಲಿ ಈ ವಿಷವರ್ತುಲವನ್ನು ಸ್ಪಷ್ಟವಾಗಿ ವಿವರಿಸಿದರು. ಶರೀರದ ಸಹಜವಾದ ಒಂದು ಬದಲಾವಣೆಯನ್ನು ವ್ಯಕ್ತಿ ಮಹಾ ವಿಪತ್ತೆಂದು ಅರ್ಥೈಸುತ್ತಾನೆ. ಆ ಅರ್ಥದಿಂದ ಭಯ ಹುಟ್ಟುತ್ತದೆ. ಭಯದಿಂದ ಶರೀರದ ಬದಲಾವಣೆ ಹೆಚ್ಚುತ್ತದೆ. ಹೆಚ್ಚಿದ ಬದಲಾವಣೆ ವಿಪತ್ತಿಗೆ ಸಾಕ್ಷಿಯೆನಿಸುತ್ತದೆ. ಮೊದಲ ಕಿಡಿ ಬಹಳ ಕ್ಷುಲ್ಲಕವಾಗಿರಬಹುದು. ರಾತ್ರಿ ನಿದ್ದೆಗೆಟ್ಟು, ಬೆಳಿಗ್ಗೆ ಉಪಾಹಾರ ಬಿಟ್ಟು, ಎರಡು ಲೋಟ ಗಟ್ಟಿ ಕಾಫಿ ಕುಡಿದು ಹೊರಟವರ ಎದೆ ತುಸು ವೇಗವಾಗಿ ಬಡಿದರೆ ಆಶ್ಚರ್ಯವೇನಿಲ್ಲ. ಕಾಫಿಪ್ರಿಯರಾದ ಕನ್ನಡಿಗರಿಗೆ ಈ ಮಾತು ರುಚಿಸದಿರಬಹುದು. ಆದರೂ ಕೆಫೀನ್ ಗಾಬರಿಯನ್ನು ಉದ್ದೀಪಿಸುತ್ತದೆ ಎಂಬುದು ನಿಜ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಮೊದಲ ಬಾರಿಗೆ ಕಾಣಿಸಿಕೊಂಡ ಎದೆನೋವನ್ನು ಬರಿಯ ಗಾಬರಿಯೆಂದು ರೋಗಿಯಾಗಲಿ ಬಂಧುಗಳಾಗಲಿ ತಾವೇ ತೀರ್ಮಾನಿಸಬಾರದು. ಎದೆಯನ್ನು ಹಿಂಡಿದಂತಹ ನೋವು ತೋಳಿಗೆ, ದವಡೆಗೆ, ಬೆನ್ನಿಗೆ ಹರಡುತ್ತಿದ್ದರೆ, ಮೆಟ್ಟಿಲು ಹತ್ತುವಂತಹ ಶ್ರಮದಿಂದ ನೋವು ಬರುತ್ತಿದ್ದರೆ, ನಿಜವಾಗಿ ಪ್ರಜ್ಞೆ ತಪ್ಪಿದ್ದರೆ ತಡವಿಲ್ಲದೆ ಆಸ್ಪತ್ರೆಗೆ ಹೋಗಬೇಕು. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ಇಳಿದಾಗಲೂ ಬೆವರು, ನಡುಕ, ಎದೆಬಡಿತಗಳೇ ಕಾಣಿಸುತ್ತವೆ. ಅಂಥವರು ವಾಹನವನ್ನು ಸುರಕ್ಷಿತವಾಗಿ ನಿಲ್ಲಿಸಿ, ಸಕ್ಕರೆ ಸೇವಿಸುವುದು ಮೊದಲ ಕೆಲಸ. ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ರಕ್ತಹೀನತೆ, ಆಸ್ತಮಾ, ಹೃದಯದ ಲಯದೋಷ ಇವೂ ಗಾಬರಿಯ ವೇಷದಲ್ಲಿ ಬರುವುದುಂಟು. ಒಮ್ಮೆ ಕ್ರಮಬದ್ಧವಾಗಿ ತಪಾಸಣೆ ಮಾಡಿಸಿ, ದೋಷವಿಲ್ಲವೆಂದು ವೈದ್ಯರು ಹೇಳಿದ ಮೇಲೆ ಆ ಮಾತನ್ನು ನಂಬಬೇಕು. ತಿಂಗಳಿಗೊಂದು ಇ.ಸಿ.ಜಿ. ತೆಗೆಸುತ್ತ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದೂ ಗಾಬರಿಯ ಇನ್ನೊಂದು ರೂಪವೇ ಆಗಿರುತ್ತದೆ.

ಇನ್ನು, ಗಾಬರಿ ಎರಗಿದಾಗ ಚಕ್ರದ ಹಿಂದೆ ಕುಳಿತವರು ಮಾಡಬೇಕಾದುದೇನು? ಥಟ್ಟನೆ ಬ್ರೇಕ್ ಒತ್ತುವುದು, ಒಮ್ಮೆಗೇ ಪಥ ಬದಲಿಸುವುದು ಗಾಬರಿಗಿಂತ ಎಷ್ಟೋ ಪಾಲು ಹೆಚ್ಚು ಅಪಾಯಕಾರಿ. ಹಿಂದಿನ ವಾಹನಗಳನ್ನು ಕನ್ನಡಿಯಲ್ಲಿ ನೋಡಿ, ಸೂಚಕ ದೀಪ ಹಾಕಿ, ನಿಧಾನವಾಗಿ ಎಡಪಥಕ್ಕೆ ಸರಿಯಬೇಕು. ಚಕ್ರವನ್ನು ಬಿಗಿಹಿಡಿದಿರುವ ಬೆರಳುಗಳನ್ನು ತುಸು ಸಡಿಲಿಸಿ, ಕಿವಿಯತ್ತ ಏರಿರುವ ಭುಜಗಳನ್ನು ಇಳಿಬಿಡಬೇಕು. ಮೂಗಿನಿಂದ ಮೂರು ಎಣಿಸುವಷ್ಟು ಕಾಲ ಸಾಧಾರಣವಾಗಿ ಉಸಿರು ತೆಗೆದುಕೊಂಡು, ಐದು ಎಣಿಸುವಷ್ಟು ಕಾಲ ನಿಧಾನವಾಗಿ ಬಿಡಬೇಕು. ಎಳೆದುಕೊಳ್ಳುವುದಕ್ಕಿಂತ ಬಿಡುವುದು ದೀರ್ಘವಾಗಿರಬೇಕೆಂಬುದೇ ಇದರ ಗುಟ್ಟು. ಕಾಗದದ ಚೀಲದೊಳಕ್ಕೆ ಉಸಿರಾಡುವ ಹಳೆಯ ಉಪಾಯವನ್ನು ವೈದ್ಯರು ಈಗ ಸಲಹೆ ಮಾಡುವುದಿಲ್ಲ. ವಾಹನದಲ್ಲಂತೂ ಅದು ಸರ್ವಥಾ ಸಲ್ಲದು. ಕಣ್ಣು ಮುಚ್ಚಿ ಮಾಡುವ ಯಾವ ಧ್ಯಾನಕ್ಕೂ ಅದು ಸ್ಥಳವಲ್ಲ. ಬದಲಾಗಿ, ಕಣ್ಣಿಗೆ ಕಂಡುದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ಪರಿಣಾಮಕಾರಿ: 'ಮುಂದೆ ನೀಲಿ ಲಾರಿ, ಎಡಗಡೆ ಫಲಕ, ಲೋಣಾವಳಕ್ಕೆ ಇಷ್ಟು ಕಿಲೋಮೀಟರು.' ಒಳಗಿನ ಬಡಿತವನ್ನೇ ಕೇಳುತ್ತಿದ್ದ ಗಮನ ಇದರಿಂದ ರಸ್ತೆಗೆ ಮರಳುತ್ತದೆ. 'ಇದು ಗಾಬರಿ, ಹಿಂದೆಯೂ ಬಂದಿತ್ತು, ಏರಿದ್ದು ಇಳಿಯುತ್ತದೆ' ಎಂದು ಕನ್ನಡದಲ್ಲಿಯೇ ತನಗೆ ತಾನು ಗಟ್ಟಿಯಾಗಿ ಹೇಳಿಕೊಳ್ಳುವುದರಲ್ಲಿ ಸಂಕೋಚಪಡಬೇಕಾದುದೇನಿಲ್ಲ.

ಸುರಂಗದಲ್ಲಿಯೋ ಸೇತುವೆಯ ಮೇಲೆಯೋ ಇದ್ದರೆ ನಿಲ್ಲದೆ, ಸಮವೇಗದಲ್ಲಿ ಎಡಪಥದಲ್ಲಿ ಮುಂದುವರಿಯುವುದೇ ಸುರಕ್ಷಿತ. ಬಾಂದ್ರಾ–ವರ್ಲಿ ಸೇತುವೆಯ ಉದ್ದ ಸುಮಾರು ಐದೂವರೆ ಕಿಲೋಮೀಟರು. ಗಂಟೆಗೆ 50 ಕಿಲೋಮೀಟರಿನ ವೇಗದಲ್ಲಿ ಅದನ್ನು ದಾಟಲು ಏಳು ನಿಮಿಷ ಸಾಕು. ಗಾಬರಿ ಏರುವ ಹೊತ್ತಿಗೆ ಸೇತುವೆಯೇ ಮುಗಿದಿರುತ್ತದೆ. ತೆರೆದ ಹೆದ್ದಾರಿಯಲ್ಲಾದರೆ ಮುಂದಿನ ಪೆಟ್ರೋಲ್ ಬಂಕಿನಲ್ಲಿಯೋ, ಟೋಲ್ ಕಟ್ಟೆಯನ್ನು ದಾಟಿದ ಮೇಲಿನ ವಿಶಾಲ ಜಾಗದಲ್ಲಿಯೋ, ಉಪಾಹಾರ ಗೃಹದ ಆವರಣದಲ್ಲಿಯೋ ನಿಲ್ಲಿಸಬಹುದು. ಮುಂದುವರಿಯುವುದು ಅಸಾಧ್ಯವೆಂದೇ ಅನ್ನಿಸಿದರೆ ರಸ್ತೆಯ ತೀರ ಎಡ ಅಂಚಿಗೆ ಸರಿದು ನಾಲ್ಕೂ ಎಚ್ಚರಿಕೆಯ ದೀಪಗಳನ್ನು ಹೊತ್ತಿಸಬೇಕು. ತುರ್ತು ನೆರವಿಗೆ ದೇಶದಾದ್ಯಂತ 112 ಸಂಖ್ಯೆ ಇದೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಂಖ್ಯೆಗೂ ಕರೆ ಮಾಡಬಹುದು. ದ್ವಿಚಕ್ರ ವಾಹನದವರು ಇನ್ನೂ ಬೇಗ ಬದಿಗೆ ಸರಿಯುವುದು ಒಳಿತು.

ನಿಂತ ಮೇಲೆ ಏನು ಮಾಡುತ್ತಾರೆ ಎಂಬುದರ ಮೇಲೆ ಮುಂದಿನ ತಿಂಗಳುಗಳ ಬದುಕು ನಿರ್ಧಾರವಾಗುತ್ತದೆ. ಅಲ್ಲಿಂದಲೇ ಮನೆಗೆ ತಿರುಗಿದರೆ, ಅಥವಾ ಪತಿಯನ್ನೋ ಮಗನನ್ನೋ ಕರೆಸಿ ವಾಹನವನ್ನು ಅವರ ಕೈಗೆ ಕೊಟ್ಟರೆ ತಕ್ಷಣ ಹಾಯೆನಿಸುತ್ತದೆ. ಆದರೆ ಮನಸ್ಸು ಅದರಿಂದ ತಪ್ಪು ಪಾಠ ಕಲಿಯುತ್ತದೆ: 'ತಪ್ಪಿಸಿಕೊಂಡದ್ದರಿಂದಲೇ ಬದುಕಿದೆ.' ಹತ್ತು ಹದಿನೈದು ನಿಮಿಷ ಕಾದು, ಗಾಬರಿ ಇಳಿದ ಮೇಲೆ ಹೊರಟ ದಿಕ್ಕಿನಲ್ಲಿಯೇ ಎರಡು ಕಿಲೋಮೀಟರಾದರೂ ಮುಂದೆ ಹೋಗುವುದು ಬಹಳ ಬೆಲೆಯುಳ್ಳದ್ದು.

ಹಾಗೆ ಹೋಗದಿದ್ದಾಗ ಆಗುವುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಪುಣೆಯಲ್ಲಿ ನೆಲೆಸಿರುವ ಕನ್ನಡಿಗ ಮಹಿಳೆಯೊಬ್ಬರು ವಾರಕ್ಕೆರಡು ದಿನ ಕೆಲಸದ ಮೇಲೆ ನವಿ ಮುಂಬಯಿಗೆ ತಾವೇ ವಾಹನ ನಡೆಸಿಕೊಂಡು ಹೋಗುತ್ತಾರೆ. ಒಂದು ದಿನ ಘಟ್ಟದ ಸುರಂಗದಲ್ಲಿ ಗಾಬರಿಯಾಗುತ್ತದೆ. ಮರುವಾರ ಸುರಂಗವಿಲ್ಲದ ಹಳೆಯ ರಸ್ತೆ ಹಿಡಿಯುತ್ತಾರೆ. ಅಲ್ಲಿ ಲಾರಿಗಳ ಸಾಲಿನ ನಡುವೆ ಸಿಕ್ಕಿದಾಗ ಮತ್ತೆ ಎದೆ ಬಡಿಯುತ್ತದೆ. ಆಮೇಲೆ ಜೊತೆಗೆ ಯಾರಾದರೂ ಬಂದರೆ ಮಾತ್ರ ಹೊರಡುತ್ತಾರೆ. ಕೆಲವು ತಿಂಗಳಲ್ಲಿ ನಗರದೊಳಗಿನ ಮೇಲ್ಸೇತುವೆಗಳೂ ಬೇಡವಾಗುತ್ತವೆ. ಕಚೇರಿಯಲ್ಲಿ ಬಡ್ತಿಯೊಂದನ್ನು, ಅದು ಪ್ರವಾಸದ ಕೆಲಸವೆಂಬ ಕಾರಣಕ್ಕೆ, ಏನೋ ನೆಪ ಹೇಳಿ ನಿರಾಕರಿಸುತ್ತಾರೆ. ಬೆಳಗಾವಿಯಲ್ಲಿರುವ ತಾಯಿಗೆ ಕಾಯಿಲೆಯಾದಾಗ ಒಬ್ಬರೇ ಹೊರಡಲಾರದೆ, ಗಂಡನಿಗೆ ರಜೆ ಸಿಗುವವರೆಗೆ ಕಾಯುತ್ತಾರೆ. ಇವರಿಗೆ ಗಾಬರಿಯಿಂದ ಆದ ಶಾರೀರಿಕ ಹಾನಿ ಏನೂ ಇಲ್ಲ. ರಸ್ತೆಯೊಂದನ್ನು ಬಿಟ್ಟುಬಿಟ್ಟದ್ದರಿಂದ ಆದ ನಷ್ಟ ಮಾತ್ರ ಲೆಕ್ಕಕ್ಕೆ ಸಿಗದಷ್ಟು. ಹೊರಗಿನವರ ಕಣ್ಣಿಗೆ ಅದು ಕಾಣುವುದೂ ಇಲ್ಲ. 'ಈಗೀಗ ಎಲ್ಲಿಗೂ ಬರುವುದೇ ಇಲ್ಲ' ಎಂಬ ದೂರಷ್ಟೇ ಕೇಳಿಬರುತ್ತದೆ.

ಬಿಟ್ಟ ರಸ್ತೆಗೆ ಮರಳುವುದೇ ಇದರ ಚಿಕಿತ್ಸೆಯ ಹೃದಯಭಾಗ. ಅರಿವಿನ ಮತ್ತು ವರ್ತನೆಯ ಚಿಕಿತ್ಸೆ ಎಂದು ಕರೆಯಲಾಗುವ ಈ ವಿಧಾನದಲ್ಲಿ ಚಿಕಿತ್ಸಕರ ಮಾರ್ಗದರ್ಶನದಂತೆ ಭಯದ ಮೆಟ್ಟಿಲುಗಳನ್ನು ಕೆಳಗಿನಿಂದ ಒಂದೊಂದಾಗಿ ಹತ್ತಲಾಗುತ್ತದೆ. ಮೇಲೆ ಹೇಳಿದ ಮಹಿಳೆ ಮೊದಲಿಗೆ ಭಾನುವಾರ ಬೆಳಿಗ್ಗೆ ವಾಹನಸಂಚಾರ ವಿರಳವಾಗಿರುವಾಗ ಮನೆಯ ಬಳಿಯ ಮೇಲ್ಸೇತುವೆಯನ್ನು ದಾಟಬಹುದು. ಅದೇ ಸೇತುವೆಯನ್ನು ಒಂದೇ ದಿನ ನಾಲ್ಕೈದು ಬಾರಿ ದಾಟುವುದು ಇನ್ನೂ ಒಳ್ಳೆಯದು. ಬಳಿಕ ಪತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಟ್ಟದ ಕೆಳಗಿನವರೆಗೆ, ಆಮೇಲೆ ಪತಿ ಇನ್ನೊಂದು ವಾಹನದಲ್ಲಿ ಹಿಂದೆ ಬರುತ್ತಿರುವಾಗ, ಅನಂತರ ಆತ ತಲುಪುವ ಸ್ಥಳದಲ್ಲಿ ಕಾಯುತ್ತಿರುವಾಗ, ಕೊನೆಗೆ ಒಬ್ಬರೇ. ಪ್ರತಿ ಬಾರಿ ಹೊರಡುವ ಮೊದಲು 'ಏನಾಗುತ್ತದೆಂದು ಅಂಜುತ್ತಿದ್ದೇನೆ?' ಎಂದು ಒಂದು ಚೀಟಿಯಲ್ಲಿ ಬರೆದಿಟ್ಟು, ತಲುಪಿದ ಮೇಲೆ 'ನಿಜವಾಗಿ ಏನಾಯಿತು?' ಎಂದು ಅದರ ಕೆಳಗೆ ಬರೆಯುವುದುಂಟು. ಭಯ ಸಂಪೂರ್ಣವಾಗಿ ಅಡಗಲೇಬೇಕೆಂಬ ಹಟ ಇಲ್ಲಿಲ್ಲ. ಎದೆ ಬಡಿಯುತ್ತಿದ್ದರೂ ವಾಹನ ನಡೆಸಲು ಸಾಧ್ಯವಾಯಿತು, ನಿರೀಕ್ಷಿಸಿದ್ದ ವಿಪತ್ತು ಬರಲಿಲ್ಲ ಎಂಬುದು ಮನಸ್ಸಿಗೆ ನಾಟಬೇಕು. ಕೆಲವು ಚಿಕಿತ್ಸಕರು ತಮ್ಮ ಕೊಠಡಿಯಲ್ಲಿಯೇ ರೋಗಿಯನ್ನು ತಿರುಗುವ ಕುರ್ಚಿಯಲ್ಲಿ ಸುತ್ತಿಸಿ, ನಿಂತಲ್ಲೇ ಓಡಿಸಿ, ತಲೆಸುತ್ತು, ಎದೆಬಡಿತಗಳನ್ನು ಬೇಕೆಂದೇ ಬರಿಸಿ, ಅವುಗಳಿಂದ ಅಪಾಯವಿಲ್ಲವೆಂದು ತೋರಿಸಿಕೊಡುತ್ತಾರೆ. ನೀರಿನ ಸೀಸೆ, ಜೇಬಿನಲ್ಲಿಟ್ಟ ಗುಳಿಗೆ, ದಾರಿಯುದ್ದಕ್ಕೂ ಮನೆಯವರೊಡನೆ ಫೋನಿನಲ್ಲಿ ಮಾತು ಮುಂತಾದ ಊರುಗೋಲುಗಳನ್ನೂ ಕ್ರಮೇಣ ಬಿಡಿಸುತ್ತಾರೆ. ವಾಹನ ನಡೆಸುತ್ತ ಫೋನಿನಲ್ಲಿ ಮಾತಾಡುವುದು ಹೇಗೂ ತರವಲ್ಲ.

ಔಷಧಗಳ ವಿಷಯದಲ್ಲಿ ಜನರಲ್ಲಿ ಅತಿ ಭಯವೂ ಇದೆ, ಅತಿ ಸಲಿಗೆಯೂ ಇದೆ. ಸರ್ಟ್ರಾಲಿನ್, ಎಸಿಟಲೋಪ್ರಾಮ್ ಮುಂತಾದವು ವ್ಯಸನವನ್ನುಂಟುಮಾಡುವ ಮದ್ದುಗಳಲ್ಲ. ಅವು ಗುಣ ತೋರಲು ಕೆಲವು ವಾರಗಳು ಬೇಕು. ಮೊದಲ ದಿನಗಳಲ್ಲಿ ಕೊಂಚ ಕಸಿವಿಸಿ ಹೆಚ್ಚಬಹುದು. ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ಇವುಗಳಿಗಿಂತ ಭಿನ್ನವಾದುದು ಆಲ್ಪ್ರಜೊಲಾಮ್, ಕ್ಲೊನಜೆಪಾಮ್‌ಗಳ ಗುಂಪು. ಇವು ಬೇಗನೆ ಶಮನ ನೀಡುತ್ತವೆ, ಆದರೆ ಮಂಪರು ತರುತ್ತವೆ, ಪ್ರತಿಕ್ರಿಯೆಯ ವೇಗವನ್ನು ತಗ್ಗಿಸುತ್ತವೆ, ದೀರ್ಘಕಾಲ ಬಳಸಿದರೆ ಚಟವಾಗುತ್ತವೆ. ನೆರೆಯವರು ಕೊಟ್ಟ ಇಂತಹ ಗುಳಿಗೆ ನುಂಗಿ ಚಕ್ರ ಹಿಡಿಯುವುದು ದುಡುಕು. 'ಧೈರ್ಯಕ್ಕೆ' ಒಂದು ಗುಟುಕು ಮದ್ಯ ಕುಡಿಯುವುದು ಅದಕ್ಕಿಂತಲೂ ಕೆಟ್ಟದ್ದು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ ಮೋಟಾರು ವಾಹನ ಕಾಯಿದೆಯಂತೆ ಅದು ಶಿಕ್ಷಾರ್ಹ ಅಪರಾಧ.

ಚಿಕಿತ್ಸೆ ಇದ್ದೂ ಜನ ಅದನ್ನು ಪಡೆಯದಿರುವುದು ದೊಡ್ಡ ಕೊರತೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 12 ರಾಜ್ಯಗಳಲ್ಲಿ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಆತಂಕ, ಖಿನ್ನತೆಗಳಂತಹ ಸಾಮಾನ್ಯ ಮನೋವ್ಯಾಧಿಗಳಿಂದ ಬಳಲುವವರಲ್ಲಿ ಶೇಕಡ 85ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. 'ಹುಚ್ಚೆಂದಾರು' ಎಂಬ ಅಳುಕು ಒಂದು ಕಾರಣ. ಹೊರನಾಡಿನ ಕನ್ನಡಿಗರಿಗೆ ಭಾಷೆ ಇನ್ನೊಂದು ತೊಡಕು. ಮಾರುಕಟ್ಟೆಗೂ ಕಚೇರಿಗೂ ಸಾಕಾಗುವ ಮರಾಠಿ, ಹಿಂದಿ, ತಮಿಳು, ತೆಲುಗುಗಳು 'ಎದೆ ಝಲ್ಲೆಂದಿತು', 'ಕೈಕಾಲು ಬಿದ್ದುಹೋದಂತಾಯಿತು', 'ಒಳಗೊಳಗೇ ಸಂಕಟ' ಎಂಬುದನ್ನು ವೈದ್ಯರ ಮುಂದೆ ಹೇಳುವಾಗ ಕೈಕೊಡುತ್ತವೆ. ಆಡಲಾರದೆ, ಬರಿಯ 'ಎದೆನೋವು' ಎಂದು ಹೇಳಿ ಹೃದ್ರೋಗದ ಪರೀಕ್ಷೆಗಳಲ್ಲಿ ಸಿಕ್ಕಿಕೊಳ್ಳುವವರಿದ್ದಾರೆ. ಕನ್ನಡದಲ್ಲಿಯೇ ಲಕ್ಷಣಗಳನ್ನು ಬರೆದುಕೊಂಡು, ಆ ಊರಿನ ಭಾಷೆ ಚೆನ್ನಾಗಿ ಬಲ್ಲ ಬಂಧುವನ್ನೋ ಮಿತ್ರರನ್ನೋ ಮೊದಲ ಭೇಟಿಗೆ ಕರೆದೊಯ್ಯಬಹುದು.

ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ ಸಂಖ್ಯೆ 14416. ಇದು ಹಗಲಿರುಳೂ ಲಭ್ಯ, ಕರೆಗೆ ಹಣವಿಲ್ಲ. ಸೇವೆ ದೊರೆಯುವ ಭಾಷೆಗಳಲ್ಲಿ ಕನ್ನಡವೂ ಸೇರಿದ್ದು, ಕರೆ ಮಾಡುವವರು ಭಾಷೆಯನ್ನು ಆಯ್ದುಕೊಳ್ಳುವ ವ್ಯವಸ್ಥೆಯಿದೆ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯ ಮನೋವೈದ್ಯ ವಿಭಾಗ, ಚೆನ್ನೈನ ಕಿಲ್ಪಾಕ್‌ನಲ್ಲಿರುವ ಮಾನಸಿಕ ಆರೋಗ್ಯ ಸಂಸ್ಥೆ, ಹೈದರಾಬಾದಿನ ಎರ್ರಗಡ್ಡದ ಆಸ್ಪತ್ರೆ, ದೆಹಲಿಯ ಇಹಬಾಸ್ ಇವು ಸಾರ್ವಜನಿಕ ಸಂಸ್ಥೆಗಳು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ರೋಗಿಯ ವಿವರಗಳ ಗೌಪ್ಯತೆಯನ್ನು ಹಕ್ಕೆಂದು ಮಾನ್ಯ ಮಾಡಿದೆ. ಶಾರೀರಿಕ ವ್ಯಾಧಿಗಳಿಗಿರುವಂತೆಯೇ ಮನೋವ್ಯಾಧಿಗಳಿಗೂ ವೈದ್ಯಕೀಯ ವಿಮೆ ಒದಗಿಸಬೇಕೆಂದು ವಿಧಿಸಿದೆ.

ಮನೆಯವರ ಪಾತ್ರ ಸೂಕ್ಷ್ಮವಾದುದು. 'ಇಷ್ಟಕ್ಕೆಲ್ಲ ಹೆದರುವುದೇ?' ಎಂಬ ಮಾತು ನೋಯಿಸುತ್ತದೆ. 'ಇನ್ನು ನೀನು ಓಡಿಸುವುದೇ ಬೇಡ' ಎಂಬ ಅಕ್ಕರೆ ಅದಕ್ಕಿಂತಲೂ ಹೆಚ್ಚು ಕೆಡುಕು ಮಾಡುತ್ತದೆ. ದೃಷ್ಟಿ ತಗುಲಿತೆಂದು ವಾಹನಕ್ಕೆ ನಿಂಬೆಹಣ್ಣು ಕಟ್ಟುವುದರಿಂದ ತೊಂದರೆಯೇನಿಲ್ಲ, ವೈದ್ಯರಲ್ಲಿಗೆ ಹೋಗುವುದನ್ನು ಅದರ ನೆಪದಲ್ಲಿ ಮುಂದೂಡದಿದ್ದರಾಯಿತು. ಪಕ್ಕದಲ್ಲಿ ಕುಳಿತವರು ಮಾತು ಕಡಿಮೆ ಮಾಡಿ, ಗಾಬರಿ ಬಂದಾಗ 'ಎಡಕ್ಕೆ ಬಾ, ನಿಧಾನವಾಗಿ ಉಸಿರು ಬಿಡು' ಎಂದಷ್ಟೇ ಹೇಳಿ, ಚಕ್ರವನ್ನು ಅವರ ಕೈಯಲ್ಲಿಯೇ ಬಿಡಬೇಕು. ತಿಂಗಳುಗಳ ಕಾಲ ನೆಮ್ಮದಿಯಾಗಿದ್ದವರಿಗೆ ಹೆರಿಗೆಯ ನಂತರವೋ, ಸಾವುನೋವಿನ ಸಂದರ್ಭದಲ್ಲಿಯೋ, ನಿದ್ದೆಗೆಟ್ಟ ವಾರದಲ್ಲಿಯೋ ಗಾಬರಿ ಮತ್ತೊಮ್ಮೆ ಬರಬಹುದು. ಆಗ ಹಿಂದಿನ ಚೀಟಿಗಳನ್ನು ತೆರೆದು ಓದಿ, ಮನೆಯ ಬಳಿಯ ಮೇಲ್ಸೇತುವೆಯಿಂದ ಮತ್ತೆ ಆರಂಭಿಸಬೇಕಾಗುತ್ತದೆ. ಎರಡನೆಯ ಬಾರಿ ಆ ಮೆಟ್ಟಿಲುಗಳನ್ನು ಹತ್ತಲು ಸಾಮಾನ್ಯವಾಗಿ ಮೊದಲಿನಷ್ಟು ಕಾಲ ಹಿಡಿಯುವುದಿಲ್ಲ.